ಅಮಾವಾಸ್ಯೆಯ ದಿನ ಮಗ್ಗದ ಸದ್ದು

ಕಟ್ಟಡಕ್ಕೂ ನಾಡಿ ಇರುತ್ತದೆ ಎಂದು ಆರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಬನದಗೇರಿಯ ಜನ ಮೊದಲು ಹಾಗೆಂದವರ ನಾಡಿ ಹಿಡಿದು ನೋಡುತ್ತಿದ್ದರು. ಅದೇ ಊರಿನಲ್ಲಿ ಈಗ ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವುದಕ್ಕಿಂತ ಮುಂಚೆ ಮನೆಯ ಬಣ್ಣ ಕೇಳುತ್ತಾರೆ. ಬಣ್ಣ ಎಂದರೆ ಗೋಡೆಗೆ ಬಳಿದದ್ದಲ್ಲ, ‘ಮಿಡಿತ’ದ ಪುಟದಲ್ಲಿ ಕಾಣುವ ಬಣ್ಣ. ಹಸಿರಿದ್ದರೆ ಮಾತು ಮುಂದುವರಿಯುತ್ತದೆ. ಹಳದಿ ಇದ್ದರೆ ಚಹಾ ಕುಡಿದು ಏಳುತ್ತಾರೆ. ಕೆಂಪಿದ್ದರೆ, ಅಯ್ಯೋ, ಒಳಗೆ ಕೂರುವುದೇ ಇಲ್ಲ, ಹೊಸ್ತಿಲಾಚೆಯಿಂದಲೇ ಕೈಮುಗಿದು ಹೊರಟುಬಿಡುತ್ತಾರೆ.

ಇದೆಲ್ಲ ಶುರುವಾದದ್ದು ನೀಲಗಂಗಾಳಿಂದ. ಊರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆ ನೋಡಿಕೊಳ್ಳುವ ಹೆಂಗಸು. ಕೆಟ್ಟ ಯಂತ್ರ ಕಂಡರೆ ಬಿಚ್ಚದೆ ಬಿಡುವವಳಲ್ಲ. ಪೇಟೆಯ ಹಳೇ ಮಳಿಗೆಯೊಂದು ನಡುಹಗಲಲ್ಲಿ ಕುಸಿದು ಜನ ಸತ್ತ ವರ್ಷ, ಅವಳು ಮೂಲೆಗೆ ಬಿದ್ದಿದ್ದ ಒಂದು ಹಳೇ ಮೊಬೈಲನ್ನು ಸ್ಟೀಲಿನ ಊಟದ ಡಬ್ಬಿಯೊಳಗೆ ಬಿಗಿದು, ಡಬ್ಬಿಯನ್ನು ತನ್ನ ಮನೆಯ ಕಂಬಕ್ಕೆ ಸ್ಕ್ರೂ ಹೊಡೆದು ಕೂರಿಸಿದಳು. ಫೋನನ್ನು ಅಡ್ಡ ಹಿಡಿದರೆ ಪರದೆಯ ಚಿತ್ರವೂ ಅಡ್ಡವಾಗುತ್ತದಲ್ಲ, ಅದನ್ನು ಮಾಡಿಸುವ ಅಕ್ಕಿಕಾಳಿನಷ್ಟು ದೊಡ್ಡ ಸಂವೇದಕ ಪ್ರತಿ ಫೋನಿನಲ್ಲೂ ಇರುತ್ತದೆ. ಅದಕ್ಕೆ ಕಂಬದ ಅಲುಗಾಟವೂ ತಿಳಿಯುತ್ತದೆ. ಕಟ್ಟಡವೆಂಬುದು ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸದಾ ತೂಗುತ್ತಲೇ ಇರುತ್ತದೆ. ಗಟ್ಟಿ ಕಟ್ಟಡ ಬೇಗ ಬೇಗ ತೂಗುತ್ತದೆ. ಒಳಗಿನ ಕಂಬಿ ತುಕ್ಕು ಹಿಡಿದರೆ, ಪಾಯ ಸಡಿಲಾದರೆ ಆ ತೂಗು ನಿಧಾನವಾಗುತ್ತ ಹೋಗುತ್ತದೆ. ತೂಗು ಎಷ್ಟು ನಿಧಾನವಾಯಿತೆಂದು ಲೆಕ್ಕ ಹಾಕಿ ಬಣ್ಣ ತೋರಿಸುವ ಒಂದು ಪುಟವನ್ನು ಅವಳು ಅಂತರ್ಜಾಲಕ್ಕೆ ಹಾಕಿದಳು. ಬಿಟ್ಟಿ. ಯಾರು ಬೇಕಾದರೂ ಡಬ್ಬಿ ಮಾಡಿಕೊಳ್ಳಬಹುದು, ಯಾರು ಬೇಕಾದರೂ ನೋಡಬಹುದು.

ಊರಿಗೆ ಊರೇ ಡಬ್ಬಿ ಮಾಡಲು ಕೂತಿತು. ಜನ ಅದಕ್ಕೆ ಗೋಡೆಗಿವಿ ಎಂದು ಹೆಸರಿಟ್ಟರು. ಪರದೆ ಒಡೆದ ಫೋನು, ಗಂಡ ಸಿಟ್ಟಿನಲ್ಲಿ ಎಸೆದ ಫೋನು, ನೀರಿಗೆ ಬಿದ್ದು ಎದ್ದ ಫೋನು, ಎಲ್ಲಕ್ಕೂ ಮರುಜನ್ಮ ಬಂತು. ಬಣ್ಣ ಕೆಂಪಾದರೆ ಸೀಟಿ ಹೊಡೆಯುವ ಹಾಗೆ ಒಬ್ಬರು ಮಾಡಿದರು, ಕರೆಂಟು ಹೋದರೂ ನಡೆಯುವ ಹಾಗೆ ಇನ್ನೊಬ್ಬರು ಮಾಡಿದರು. ಕೊನೆಗೆ ಪುರಸಭೆಯವರು ಇದನ್ನೇ ಕಾಯಿದೆ ಮಾಡಿಕೊಂಡರು. ಕೆಂಪಾದ ಮನೆಗೆ ಮರುದಿನವೇ ಬೀಗಮುದ್ರೆ. ಜಿಲ್ಲೆಯಿಂದ ಎಂಜಿನಿಯರು ಬಂದು ನೋಡುವವರೆಗೆ ತೆರೆಯುವಂತಿಲ್ಲ. ಆ ಎಂಜಿನಿಯರು ಬರುವುದೆಂದರೆ ಆರು ತಿಂಗಳ ಮಾತು.

ಇಷ್ಟಾದ ಮೇಲೆ ಕಿಡಿಗೇಡಿತನವೂ ಬೇಕಲ್ಲ? ಬಾಡಿಗೆಯವರನ್ನು ಎಬ್ಬಿಸಬೇಕಾದವರು ‘ಒಂದೀಟು ಕೆಂಪ ಮಾಡ್ರಿ’ ಎಂದು ಬಂದರು, ಮನೆ ಮಾರುವವರು ‘ಹಸಿರ ಮಾಡ್ರಿ’ ಎಂದು ಬಂದರು. ರೋಸಿಹೋದ ನೀಲಾ ಪುಟಕ್ಕೆ ಒಂದು ಬಿಗಿ ಬೀಗ ಜಡಿದಳು. ಯಾವ ಮನೆಯ ಬಣ್ಣವನ್ನೂ ಯಾರೂ ಕೈಯಾರೆ ಬದಲಿಸುವಂತಿಲ್ಲ, ಅವಳೂ ಕೂಡ. ಲೆಕ್ಕದ ನಿಯಮ ಬದಲಿಸಬಹುದು, ಆದರೆ ಬದಲಿಸಿದರೆ ಇಡೀ ಊರಿಗೇ ಬದಲಾಗುತ್ತದೆ. ಅದಕ್ಕೂ ಅವಳ ಹೆಬ್ಬೆಟ್ಟಿನ ಜೊತೆ ದಸ್ತಗೀರ ಮೋಮಿನರ ಹೆಬ್ಬೆಟ್ಟು ಬೀಳಬೇಕು. ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ದಸ್ತಗೀರರು ಅವಳಿಗೆ ಚಾಚಾ. ಪಾಲಿಟೆಕ್ನಿಕ್ಕಿನ ಹಿಂದಿನ ಕೋಣೆಯಲ್ಲಿ ಗುಜರಿಯಿಂದ ತಂದ ನಾಲ್ಕು ಕಂಪ್ಯೂಟರುಗಳನ್ನು ಸಾಲಾಗಿಟ್ಟು ಮಿಡಿತವನ್ನು ಸಾಕುತ್ತಿದ್ದವರು ಅವರಿಬ್ಬರೇ.

ಆ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಬನದಗೇರಿಯಲ್ಲಿ ಮಗ್ಗ ಓಡಿಸುವುದಿಲ್ಲ. ಸಾವಿರಾರು ವಿದ್ಯುತ್ ಮಗ್ಗಗಳನ್ನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ ಸುಮ್ಮನೆ ಕೂರಿಸುತ್ತಾರೆ. ಸಂಜೆ ಬನಶಂಕರಿ ಗುಡಿಯ ಗಂಟೆ ಬಾರಿಸಿದಾಗ ಮಾತ್ರ ಎಲ್ಲ ಮಗ್ಗಗಳೂ ಒಮ್ಮೆಲೇ ಒಂದಿಷ್ಟು ಹೊತ್ತು ಓಡಬೇಕು, ಅದು ದೇವಿಗೆ ಸೇವೆ. ಅಲ್ಲಿಯವರೆಗೆ ಊರು ಎಷ್ಟು ಶಾಂತವೆಂದರೆ ಹೊಸಬರು ಯಾರೋ ದೊಡ್ಡವರು ತೀರಿಕೊಂಡರೆಂದೇ ತಿಳಿಯುತ್ತಾರೆ.

ನೀಲಾ ಆ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಕೂತು, ಪಕ್ಕದ ಜಿಲ್ಲೆಯ ಹವ್ಯಾಸಿ ಬಳಗವೊಂದಕ್ಕೆ ಮಿಡಿತವನ್ನು ತಾವೇ ಕಟ್ಟಿಕೊಳ್ಳುವುದು ಹೇಗೆಂದು ಬರೆಯುತ್ತಿದ್ದಳು. ಬರೆಯುತ್ತ ಬರೆಯುತ್ತ ಜರಡಿಯ ಭಾಗಕ್ಕೆ ಬಂದಳು. ಜರಡಿಯದು ಬೇರೆಯೇ ಕಥೆ. ಮಿಡಿತ ಶುರುವಾದ ಮೊದಲ ವಾರ ಅರ್ಧ ಊರು ಕೆಂಪಾಗಿತ್ತು. ಕಾರಣ ಮಗ್ಗ. ಅವು ಸೆಕೆಂಡಿಗೆ ಮೂರು ಸಲ ಬಡಿಯುತ್ತವೆ. ಗೋಡೆಗಿವಿಗಳು ಆ ಬಡಿತವನ್ನೇ ಕಟ್ಟಡದ ತೂಗು ಎಂದು ತಿಳಿದಿದ್ದವು. ಮಗ್ಗದ ಯಜಮಾನರು ಬಂದು ಕೂಗಾಡಿದ ಮೇಲೆ ಅವಳೂ ಚಾಚಾನೂ ಕೂಡಿ ಒಂದು ಜರಡಿ ಬರೆದರು. ಮೂರರ ಆಸುಪಾಸಿನ ಬಡಿತವನ್ನೆಲ್ಲ ಅದು ಮಗ್ಗದ ಕಸವೆಂದು ಹೊರಗೆ ಚೆಲ್ಲುತ್ತದೆ.

ಇವತ್ತು ಮಗ್ಗವಿಲ್ಲ, ಆದ್ದರಿಂದ ಕಸವೂ ಸೊನ್ನೆ ಇರಬೇಕು, ಅದರ ಒಂದು ಚಿತ್ರ ತೆಗೆದು ಹಾಕಿದರೆ ಆ ಬಳಗದವರಿಗೆ ಸರಳವಾಗಿ ತಿಳಿಯುತ್ತದೆ ಎಂದುಕೊಂಡು ನೀಲಾ ಆ ಪುಟ ತೆರೆದಳು. ಊರು ತುಂಬ ಸೊನ್ನೆಯೇ ಇತ್ತು. ಆದರೆ ನಲವತ್ತೊಂದು ಕಡೆ ಇರಲಿಲ್ಲ.

"ಚಾಚಾ, ಅಮಾಸಿ ದಿನಾನೂ ಯಾರೋ ಕದ್ದು ಮಗ್ಗ ಹಚ್ಯಾರ ನೋಡ್ರಿ!" ಎಂದು ಅವಳು ನಕ್ಕಳು. "ನೇಕಾರ ಭವನದ ಹಿಂದ ಅಂತೂ ಭಾರಿ ಜೋರ ನಡದೈತಿ. ದೇವಿ ಹೆದರಿಕಿನೂ ಇಲ್ಲ ಇವ್ರಿಗೆ."

ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ದಸ್ತಗೀರರು ಕನ್ನಡಕ ಮೇಲೇರಿಸಿದರು. "ನಾ ಈಗರ ಅದ ಓಣ್ಯಾಗಿಂದ ಬಂದೆ ಬೇಟಿ. ಒಂದ ಮಗ್ಗನೂ ಓಡಾಕತ್ತಿಲ್ಲ. ಭವನದ ಹಿಂದಿನ ಶೆಡ್ಡಿಗೆ ಹೂವಿನ ಸರ ಕಟ್ಟಾಕತ್ತಿದ್ರು."

ನೀಲಾಳ ನಗು ಅರ್ಧಕ್ಕೇ ನಿಂತಿತು. ಮಗ್ಗ ಓಡುತ್ತಿಲ್ಲವೆಂದರೆ ಜರಡಿ ಚೆಲ್ಲುತ್ತಿರುವುದು ಏನನ್ನು?

ಅವಳು ನೇಕಾರ ಭವನದ ಜರಡಿ ಸರಿಸಿ ಹಸಿ ಅಂಕಿಗಳನ್ನು ತೆಗೆದಳು. ಒಂದೇ ಒಂದು ಬಡಿತ, ಚೊಕ್ಕವಾಗಿ, ಮೂರಕ್ಕಿಂತ ತುಸು ಮೇಲೆ ಇತ್ತು. ಅದು ಮಗ್ಗದ್ದಲ್ಲ, ಕಟ್ಟಡದ್ದೇ. ಆ ಭವನ ಕಟ್ಟಿದ ಹೊಸದರಲ್ಲಿ ಸೆಕೆಂಡಿಗೆ ನಾಲ್ಕಕ್ಕೂ ಹೆಚ್ಚು ಸಲ ತೂಗುತ್ತಿತ್ತು. ಸೋರುವ ಚರಂಡಿಯೋ, ಪೊಳ್ಳು ಮಣ್ಣೋ, ಏನೋ ಒಂದು ಅದರ ಪಾಯವನ್ನು ತಿನ್ನುತ್ತ ಬಂದಿದೆ. ತೂಗು ನಿಧಾನವಾಗುತ್ತ ನಿಧಾನವಾಗುತ್ತ ಬಂದು, ಸರಿಯಾಗಿ ಮಗ್ಗದ ಲಯದ ಹತ್ತಿರ ಬಂದು ನಿಂತಿದೆ. ಅಲ್ಲಿಗೆ ಬಂದ ಕೂಡಲೇ ಜರಡಿ ಅದನ್ನು ಕಸವೆಂದು ಚೆಲ್ಲಿದೆ. ಹಾಗಾದರೆ ಪುಟದಲ್ಲಿ ಬಣ್ಣ ಎಲ್ಲಿಂದ ಬರುತ್ತಿದೆ? ಅದೂ ಅವರದೇ ಕೈಕೆಲಸ. ಅಂಕಿ ಸಿಗದಿದ್ದಾಗ ಪುಟ ಬರಿದಾಗಿ, ‘ನಮ್ಮನಿ ಎಲ್ಲಿ ಹೋತ್ರೀ’ ಎಂದು ಜನ ಫೋನು ಮಾಡಿ ಜೀವ ತಿನ್ನುತ್ತಿದ್ದರು. ಹೊಸ ಅಂಕಿ ಬರುವವರೆಗೆ ಹಳೆಯದೇ ಇರಲಿ ಎಂದು ಒಂದು ಸಾಲು ಸೇರಿಸಿದ್ದರು. ಮನೆಯಲ್ಲಿ ಕೂತು ಇಂಥವನ್ನು ಕಟ್ಟುವವರೆಲ್ಲ ಸೇರಿಸುವ ಸಾಲು ಅದು. ನೇಕಾರ ಭವನ ಒಂಬತ್ತು ತಿಂಗಳ ಹಳೇ ಹಸಿರನ್ನು ಹೊದ್ದು ಕೂತಿತ್ತು.

ಅಮಾವಾಸ್ಯೆಯೆಂದು ನೇಕಾರರಿಗೆಲ್ಲ ರಜೆ, ರಜೆಯೆಂದು ಭವನದ ಮಾಳಿಗೆಯ ಮೇಲೆ ಕಣ್ಣಿನ ತಪಾಸಣೆ ಶಿಬಿರ. ಮುನ್ನೂರು ಜನ ಮುದುಕ ಮುದುಕಿಯರು ಅಲ್ಲಿದ್ದಾರೆ. ಅವಳ ಅತ್ತೆ ತಂಗೆವ್ವ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಹೋಗಿದ್ದಾಳೆ.

"ಚಾಚಾ, ಸಂಜಿ ಗಂಟಿ ಬಾರಿಸಿದ ಕೂಡ್ಲೆ ಎಲ್ಲಾ ಮಗ್ಗ ಹಚ್ತಾರ," ಎಂದಳು. "ಭವನ ಮೂರರ ಲಯಕ್ಕ ಬಂದು ನಿಂತೈತಿ. ಮಗ್ಗಾನೂ ಮೂರ."

ದಸ್ತಗೀರರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತ ಹೋದರೆ ಪುಟ್ಟ ಹುಡುಗಿಯೂ ದೊಡ್ಡವರನ್ನು ಆಕಾಶಕ್ಕೆ ಹಾರಿಸುತ್ತಾಳೆ. ದಿನದ ಮಗ್ಗಗಳು ಒಂದೊಂದು ಹೊತ್ತಿಗೆ ಶುರುವಾಗುತ್ತವೆ, ಒಂದೊಂದು ಕಡೆ ತಳ್ಳುತ್ತವೆ. ಮೇಲಾಗಿ ಕೆಲಸದ ದಿನ ಭವನ ಖಾಲಿ. ಇವತ್ತು ಜನರ ಭಾರ ಬಿದ್ದು ತೂಗು ಇನ್ನೂ ಇಳಿದಿದೆ. ಎಲ್ಲ ಮಗ್ಗವೂ ಒಂದೇ ಕ್ಷಣಕ್ಕೆ ಹೊರಟು ತಳ್ಳುವುದು ತಿಂಗಳಿಗೆ ಒಂದೇ ಸಲ.

ನೀಲಾ ಅತ್ತೆಗೆ ಫೋನು ಹಚ್ಚಿದಳು.

"ಯಾರಽ?" ತಂಗೆವ್ವ ಯಾವಾಗಲೂ ಫೋನಿನಲ್ಲಿ ಕೂಗಿಯೇ ಮಾತಾಡುವುದು. "ನೀಲಾ ಏನ? ಕಣ್ಣಾಗ ಎಣ್ಣಿ ಹಾಕಿ ಕುಂದ್ರಿಸ್ಯಾರ ನೋಡವಾ, ಏನೂ ಕಾಣವಲ್ದು. ಬಾಜೂಕ ಕುಂತಾಕಿ ಮಾರಿನೂ ಕಾಣವಲ್ದು. ಪುಣ್ಯಾ ಬಂತು."

"ಅತ್ತೀ, ಈಗಿಂದೀಗ ಕೆಳಗ ಇಳೀರಿ. ಯಾರದರ ಕೈ ಹಿಡಕೊಂಡು ಹೊರಗ ಬರ್ರಿ. ಆ ಭವನ ಬೀಳೂ ಹಂಗ ಐತಿ."

ತಂಗೆವ್ವ, "ನಿನ್ನ ಮಾವಗ ಕೊಡ್ತೀನಿ ತಡಿ," ಎಂದಳು.

ಮಾವ ಎಂದರೆ ತಂಗೆವ್ವನ ಬೆನ್ನಿಗೆ ಬಿದ್ದ ತಮ್ಮ ಮುರಿಗೆಪ್ಪ. ನೇಕಾರ ಸಂಘದ ಅಧ್ಯಕ್ಷ, ಗುಡಿಯ ಧರ್ಮದರ್ಶಿ. ಮನೆಮನೆ ತಿರುಗಿ ವಂತಿಗೆಯ ಪಟ್ಟಿ ಎತ್ತಿ ಆ ಭವನ ಕಟ್ಟಿಸಿದವನು. ನೀಲಾ ಹೇಳುವುದನ್ನೆಲ್ಲ ಅವನು ಸಮಾಧಾನದಿಂದಲೇ ಕೇಳಿದ.

"ಬಣ್ಣ ಹಸರ ಐತಲ್ಲವಾ," ಎಂದ.

"ಅದು ಹಳೇ ಹಸರರಿ ಮಾವಾರ. ನಮ್ಮ ತಪ್ಪಿನಿಂದ ಉಳದೈತಿ. ದಯವಿಟ್ಟು ಜನಾನ್ನ ಇಳಸ್ರಿ. ಇಲ್ಲಾ, ಇವತ್ತ ಒಂದಿನ ಗಂಟಿ ಬಾರಸೂದ ಬ್ಯಾಡ ಅನ್ರಿ."

"ಹುಚ್ಚಿ ಆಗಿಯೇನು? ಅಮಾಸಿ ಸೇವಾ ನಿಂದ್ರಸಬೇಕ? ಡಾಕ್ಟ್ರು ಊರಿಂದ ಊರು ದಾಟಿ ಬಂದಾರ, ಅರ್ಧಾ ಮಂದಿಗೆ ಕಣ್ಣ ಕಾಣವಲ್ದು, ಆ ಪಾವಟಿಗಿ ಮ್ಯಾಲಿಂದ ಗಡಬಡಿ ಮಾಡಿ ಇಳಿಸಿದ್ರ ಕೈಕಾಲ ಮುರಕೋತಾರ." ಅವನ ದನಿ ಏರಿತು. "ಬಾಯಿ ಮಾತು ನಂಬಬ್ಯಾಡ್ರಿ, ಬಣ್ಣ ನಂಬ್ರಿ ಅಂತ ಊರ ಗ್ವಾಡಿಗೆಲ್ಲ ಬರಸೀದಾಕಿ ನೀನ. ಈಗ ಬಣ್ಣ ಬಿಡ್ರಿ, ನನ್ನ ಬಾಯಿ ನಂಬ್ರಿ ಅಂದ್ರ ಹೆಂಗ? ಕೆಂಪ ಆಗ್ಲಿ, ನಾನ ಮೊದಲ ಇಳಸ್ತೀನಿ." ಫೋನು ಕಟ್ಟಾಯಿತು.

ನೀಲಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಅವನು ಅಂದದ್ದರಲ್ಲಿ ಸುಳ್ಳೇನಿದೆ? ಪೊಲೀಸ್ ಠಾಣೆಗೆ ಹಚ್ಚಿದಳು. ಅವರೂ ಪುಟ ತೆರೆದು ನೋಡಿ, ‘ಹಸಿರು ತೋರಸ್ತೈತಲ್ರೀ ಮೇಡಂ’ ಎಂದರು. ಗುಡಿಯ ಪೂಜಾರಿಗೆ ಹಚ್ಚಿದಳು. ‘ಮುರಿಗೆಪ್ಪನವರು ಹೇಳಿದ್ರ ಗಂಟಿ ನಿಂದ್ರಸ್ತೀನಿ, ನಿಮ್ಮ ಮಾತಿಗೆ ಹೆಂಗ ನಿಂದ್ರಸ್ಲಿ’ ಎಂದ ಅವನು. ತಾನೇ ಜಡಿದ ಬೀಗದ ಒಳಗೆ ತಾನೇ ಸಿಕ್ಕಿಬಿದ್ದಿದ್ದಳು. ಭವನವೊಂದನ್ನೇ ಕೆಂಪು ಮಾಡುವ ದಾರಿ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಜರಡಿಯನ್ನೇ ಕಿತ್ತು ಹಾಕುವುದು. ಮಗ್ಗಗಳು ಸುಮ್ಮನಿರುವ ಇವತ್ತು ಜರಡಿ ತೆಗೆದರೆ ಪ್ರತಿ ಮನೆಯ ನಿಜವಾದ ಅಂಕಿ ಬರುತ್ತದೆ, ಭವನ ಆ ಕ್ಷಣವೇ ಕೆಂಪಾಗುತ್ತದೆ. ಅದರ ಜೊತೆಗೆ ಇನ್ನೂ ನಲವತ್ತು ಮನೆಗಳೂ ಕೆಂಪಾಗುತ್ತವೆ.

ಅವಳು ಆ ಪಟ್ಟಿಯನ್ನು ಪರದೆಯ ಮೇಲೆ ಇಳಿಸುತ್ತ ಹೋದಳು. ಎಲ್ಲ ಮಗ್ಗದ ಓಣಿಯವೇ. ಮೇಲಿನಿಂದ ಆರನೆಯದು ಅವಳದೇ ಮನೆ. ಹನ್ನೆರಡನೆಯದರ ಹತ್ತಿರ ಅವಳ ಬೆರಳು ನಿಂತಿತು. ಹಿಂದೆ ನಿಂತು ನೋಡುತ್ತಿದ್ದ ದಸ್ತಗೀರರೂ ಅದನ್ನು ಓದಿದರು. ಅವರ ಮನೆ.

ಮುಂದಿನ ಶುಕ್ರವಾರ ದಸ್ತಗೀರರ ಮಗಳು ಶಬಾನಾಳ ನಿಶ್ಚಿತಾರ್ಥ ಇತ್ತು. ಈಗೀಗ ಗಂಡಿನ ಕಡೆಯವರೂ ಬಣ್ಣ ಕೇಳುತ್ತಾರೆ, ಹೋದ ತಿಂಗಳು ಬೀಗರು ಬಂದು, ಗೋಡೆಗಿವಿಗೆ ಕಿವಿಗೊಟ್ಟು, ಪುಟ ನೋಡಿ, ಹಸಿರಿದೆಯೆಂದು ಸಕ್ಕರೆ ಹಂಚಿ ಹೋಗಿದ್ದರು.

"ಚಾಚಾ..." ಎಂದಳು ನೀಲಾ. ನಿಮ್ಮ ಹೆಬ್ಬೆಟ್ಟು ಒತ್ತಿರಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಬೇಕು?

ದಸ್ತಗೀರರು ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು, ಮತ್ತೆ ಒರೆಸಿದರು. "ಒಂದ ವಾರ ಬಿಟ್ಟು ತಗದ್ರ?" ಎಂದು ತಮಗೇ ಎಂಬಂತೆ ಕೇಳಿಕೊಂಡರು. ಹೊರಗೆ ಓಣಿಯಲ್ಲಿ ಯಾರೋ ಹೆಂಗಸು ಮಗ್ಗಕ್ಕೆ ಆರತಿ ತಟ್ಟೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಬಿಸಿಲು ಆಗಲೇ ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು.

"ಬೀಳೂ ಮನ್ಯಾಗ ಮಗಳ ನಿಕಾಹ್ ಮಾಡ್ಲಿ ಏನು ನಾನು?" ಎಂದು ದಸ್ತಗೀರರು ಇದ್ದಕ್ಕಿದ್ದಂತೆ ಗದರಿದರು, ಯಾರನ್ನೆಂದು ಅವರಿಗೇ ತಿಳಿಯದು. "ತಗಿ ಬೇಟಿ. ತಗದ ಒಗಿ ಅದನ್ನ." ಎದ್ದು ಬಂದು ಹೆಬ್ಬೆಟ್ಟು ಒತ್ತಿದರು. ಬೆಸುಗೆಯ ಮಸಿ ಹತ್ತಿದ್ದಕ್ಕೆ ಮೊದಲ ಸಲ ಯಂತ್ರ ಒಪ್ಪಲಿಲ್ಲ. ಬೆರಳನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ಒತ್ತಿದರು. ನೀಲಾಳೂ ಒತ್ತಿದಳು.

ಸೀಟಿ ಮೊದಲು ಎದುರಿನ ಮನೆಯಿಂದ ಬಂತು, ಆಮೇಲೆ ಅದರ ಹಿಂದಿನದರಿಂದ, ಆಮೇಲೆ ಪೇಟೆಯ ಕಡೆಯಿಂದ. ನಲವತ್ತೊಂದು ಊಟದ ಡಬ್ಬಿಗಳು ಒಟ್ಟಿಗೆ ಕಿರುಚತೊಡಗಿದವು. ಜನ ಆರತಿ ತಟ್ಟೆ ಹಿಡಿದೇ ಬೀದಿಗೆ ಬಂದರು. ನೀಲಾ ಯಾರ ಮುಖವನ್ನೂ ನೋಡದೆ ಭವನದ ಕಡೆ ಓಡಿದಳು. ಅಂಕಿಗಳ ಮೇಲೆ ಕಣ್ಣಿಡಲು ದಸ್ತಗೀರರು ಕೋಣೆಯಲ್ಲೇ ಉಳಿದರು.

ಮುರಿಗೆಪ್ಪ ಆಡಿದ ಮಾತಿಗೆ ತಪ್ಪುವವನಲ್ಲ, ಅಷ್ಟು ಹೇಳಲೇಬೇಕು. ಅವಳು ಮುಟ್ಟುವ ಹೊತ್ತಿಗೆ ಜನ ಇಳಿಯುತ್ತಿದ್ದರು. ಕಣ್ಣು ಕಾಣದವರ ಕೈಯನ್ನು ಕಣ್ಣು ಕಾಣುವವರು ಹಿಡಿದು, ಒಬ್ಬರ ಹಿಂದೆ ಒಬ್ಬರು ಪಾವಟಿಗೆಯ ಮೆಟ್ಟಿಲು ತಡವುತ್ತ, ದೇವರ ಹೆಸರು ಹೇಳುತ್ತ, ಬಯ್ಯುತ್ತ ಇಳಿದರು. ಡಾಕ್ಟರು ಯಂತ್ರ ಎದೆಗವಚಿಕೊಂಡು ಬಂದರು. ಬೀದಿಯಾಚೆಯ ಬೇವಿನಮರದ ಕೆಳಗೆ ತಂಗೆವ್ವ ಒಂದು ಕಲ್ಲಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಬುತ್ತಿಗಂಟು. ಅವಳನ್ನು ಕಂಡ ಮೇಲೆ ನೀಲಾ ಓಟ ನಿಲ್ಲಿಸಿದಳು.

ಮಾಳಿಗೆ ಖಾಲಿಯಾಯಿತು. ಭವನ ನಿಂತೇ ಇತ್ತು. ಒಂದು ಚೂರು ಗಾರೆಯೂ ಉದುರಲಿಲ್ಲ.

ಈಗ ಜನರಿಗೆ ಸಿಟ್ಟು ಬಂತು. ಬರಬೇಕಾದದ್ದೇ. "ನಮ್ಮನಿನೂ ಕೆಂಪಾಗೇತಿ! ನಾಳಿ ಬೀಗಾ ಹಾಕ್ತಾರ! ಮಕ್ಕಳನ್ನ ಕಟಗೊಂಡು ಎಲ್ಲಿ ಹೋಗೂದು?" ಎಂದು ಒಬ್ಬಳು ಎದೆ ಬಡಿದುಕೊಂಡಳು. "ನಿನ್ನೀತನಕ ಹಸರ ಇದ್ದದ್ದು ಇವತ್ತ ಹೆಂಗ ಕೆಂಪಾತು? ಯಾರಿಗೆ ಮನಿ ಬೇಕಾಗೇತಿ ಹೇಳ್ರಿ!" ಎಂದು ಒಬ್ಬ ನೀಲಾಳ ಮುಖದ ಮುಂದೆಯೇ ಬಂದ.

ಎಲ್ಲರಿಗಿಂತ ಕೊನೆಗೆ ಇಳಿದ ಮುರಿಗೆಪ್ಪ ಹೊರಗೆ ಬರಲಿಲ್ಲ. ಕೆಳಗಿನ ಅಂಗಳದಲ್ಲಿ, ಪಾವಟಿಗೆಯ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

"ಕೆಂಪಾತು, ಇಳಿಸಿದೆ," ಎಂದು ಒಳಗಿನಿಂದಲೇ ಕೂಗಿದ. "ಇನ್ನ ನನ್ನ ಮಾತು ಕೇಳ್ರಿ. ಈ ಭವನದ ಒಂದೊಂದ ಇಟ್ಟಂಗಿ ನಾ ಎಣಿಸಿ ಇಡಿಸೇನಿ. ಕಳ್ಳ ಕೆಲಸಾ ಮಾಡ್ಸೇನಿ ಅಂತ ಊರಿಗೆಲ್ಲ ಸೀಟಿ ಹೊಡದು ಹೇಳ್ದಂಗಾತು. ಗಂಟಿ ಬಾರಸ್ಲಿ, ಮಗ್ಗಾ ಓಡ್ಲಿ, ನಾ ಇಲ್ಲೇ ಕುಂದರ್ತೀನಿ. ಏನಾಕ್ಕೈತಿ ನೋಡ್ರಿ."

"ಮಾವಾರ, ನಿಮ್ಮ ತಪ್ಪು ಅಂತ ಯಾರ ಅಂದ್ರು? ಪಾಯದಾಗ ನೀರ ಹೊಕ್ಕೈತಿ. ತಪ್ಪು ನಮ್ಮ ಲೆಕ್ಕದ್ದು. ಹೊರಗ ಬರ್ರಿ!" ನೀಲಾ ಬಾಗಿಲಿನವರೆಗೆ ಹೋದಳು. ಕಿಸೆಯಲ್ಲಿ ಫೋನು ಬಡಿದುಕೊಂಡಿತು, ದಸ್ತಗೀರರು. "ಬೇಟಿ, ಮಂದಿ ಇಳಿದ್ರೂ ಅಂಕಿ ಮ್ಯಾಲ ಏರವಲ್ದು. ಸರಿಯಾಗಿ ಮೂರಕ್ಕ ನಿಂತೈತಿ. ಯಾರೂ ಒಳಗಿಲ್ಲ ಹೌದಿಲ್ಲೋ?"

ನೀಲಾ ಉತ್ತರ ಕೊಡುವ ಮೊದಲೇ ಬೇವಿನಮರದ ಕೆಳಗಿನಿಂದ ತಂಗೆವ್ವ ಎದ್ದಿದ್ದಳು. ಎರಡೂ ಕೈ ಮುಂದೆ ಚಾಚಿ, ಗಾಳಿ ತಡವುತ್ತ, ತಮ್ಮನ ದನಿ ಬಂದ ಕಡೆಗೆ ನೆಟ್ಟಗೆ ನಡೆದಳು. ನೀರು ಕುಡಿಯಲು ಹೊರಟಿದ್ದಾಳೆಂದು ತಿಳಿದು ಜನ ದಾರಿ ಬಿಟ್ಟರು. ನೀಲಾ ತಿರುಗಿ ನೋಡುವಷ್ಟರಲ್ಲಿ ಅತ್ತೆ ಅವಳನ್ನು ಸವರಿಕೊಂಡೇ ಬಾಗಿಲು ದಾಟಿಬಿಟ್ಟಿದ್ದಳು.

"ಅತ್ತೀ!"

"ಅಲ್ಲೇ ನಿಂದ್ರು ನೀನು. ಒಳಗ ಕಾಲಿಟ್ಟೀದಿ, ನೋಡು ಮತ್ತ." ಹಾಗೆಂದು ತಂಗೆವ್ವ ತಮ್ಮನ ಕುರ್ಚಿಯ ಕಾಲು ಕೈಗೆ ಸಿಕ್ಕ ಕೂಡಲೇ ಅಲ್ಲೇ ನೆಲಕ್ಕೆ ಕೂತಳು. ಬುತ್ತಿಗಂಟನ್ನು ಪಕ್ಕಕ್ಕಿಟ್ಟಳು. "ಹಂ. ಬಾರಸ್ಲಿ ಗಂಟಿ."

"ಯಕ್ಕಾ, ಏನ ಇದು ಹುಚ್ಚಾಟ? ಏಳು, ಹೊರಗ ಹೋಗು."

"ನೀ ಏಳು, ನಾ ಏಳ್ತೀನಿ."

"ನಾ ಏಳೂದಿಲ್ಲ!"

"ನಾನೂ ಏಳೂದಿಲ್ಲ. ಬೀಳೂದಿಲ್ಲ ಅಂತಿಯಲ್ಲ, ಮತ್ಯಾಕ ಹೆದರ್ತೀ?"

ಮುರಿಗೆಪ್ಪನ ಹಣೆಯಲ್ಲಿ ಬೆವರು ಒಡೆದದ್ದು ಬಾಗಿಲಲ್ಲಿ ನಿಂತ ನೀಲಾಳಿಗೆ ಕಾಣಿಸಿತು. ತನ್ನ ಜೀವವನ್ನು ಪಣಕ್ಕಿಡುವುದು ಅವನಿಗೆ ಸುಲಭವಾಗಿತ್ತು. ಅಕ್ಕ ಎತ್ತಿ ಆಡಿಸಿದ ಕೂಸು ಅವನು. "ಪೂಜಾರಿ ಪೂಜಾಕ ಕುಂತಾನ, ಫೋನ ಎತ್ತೂದಿಲ್ಲ. ಯಾರರ ಗುಡಿಗೆ ಓಡ್ರಿ," ಎಂದು ಕೊನೆಗೆ ಕೂಗಿದ. "ಗಂಟಿ ಬ್ಯಾಡಂತ ನಾ ಹೇಳೇನಂತ ಹೇಳ್ರಿ!"

ಇಬ್ಬರು ಓಡಿದರು. ಅವರು ಓಣಿಯ ತಿರುವು ದಾಟುವ ಮೊದಲೇ ಗಂಟೆ ಬಾರಿಸಿತು.

ಮೊದಲು ಕೆಳಗಿನ ಪೇಟೆಯ ಮಗ್ಗಗಳು ಶುರುವಾದವು, ಹಿಂದೆಯೇ ಗುಡಿಯ ಓಣಿಯವು, ಹಿಂದೆಯೇ ಭವನದ ಬೆನ್ನಿಗಿದ್ದ ದೊಡ್ಡ ಶೆಡ್ಡಿನವು. ಖಟ್ ಖಟ್ ಖಟ್ ಎಂದು ಊರೆಲ್ಲ ಒಂದೇ ಲಯಕ್ಕೆ ಬಂತು. ಹುಟ್ಟಿದಾಗಿನಿಂದ ಕೇಳಿದ ಸದ್ದು ನೀಲಾಳಿಗೆ ಅದು. ಇವತ್ತು ಅದು ಅವಳ ಅಂಗಾಲಿನಿಂದ ಹತ್ತಿ ಮೈ ತುಂಬ ಹರಡಿತು. "ಮಗ್ಗಾ ನಿಂದ್ರಸ್ರಿ! ನಿಂದ್ರಸ್ರೀ!" ಎಂದು ಗಂಟಲು ಹರಿಯುವಂತೆ ಅರಚಿದಳು. ಸಿಟ್ಟಿನಿಂದ ಅವಳ ಮುಂದೆ ಬಂದಿದ್ದವನೇ ಶೆಡ್ಡಿನ ಕಡೆ ಓಡಿದ.

ಭವನದೊಳಗೆ ಕಿಟಕಿಯ ಗಾಜುಗಳು ಗುಂಯ್ ಅಂದವು. ಮೂಲೆಯಲ್ಲಿ ಪೇರಿಸಿಟ್ಟ ಕುರ್ಚಿಗಳು ತಾವಾಗಿಯೇ ನಡೆಯತೊಡಗಿದವು. ಅಲುಗಾಟ ನಿಲ್ಲಲಿಲ್ಲ, ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಯಿತು. ಮಾಳಿಗೆಯಿಂದ ಸುಣ್ಣದ ಪುಡಿ ಸುರಿದು ತಂಗೆವ್ವನ ತಲೆ ಬೆಳ್ಳಗಾಯಿತು. ಅವಳು ಕಣ್ಣು ಮುಚ್ಚಿ ಕೂತೇ ಇದ್ದಳು.

"ಯವ್ವಾ ಯಕ್ಕಾ!" ಎಂದು ಮುರಿಗೆಪ್ಪ ಕುರ್ಚಿ ಒದ್ದು ಎದ್ದ. ಅಕ್ಕನ ಬಗಲಿಗೆ ಕೈ ಹಾಕಿ, ಎತ್ತಿದನೋ ಎಳೆದನೋ, ಬಾಗಿಲ ಕಡೆ ನುಗ್ಗಿದ. ನೀಲಾ ಅಷ್ಟರಲ್ಲಿ ಹೊಸ್ತಿಲ ಒಳಗಿದ್ದಳು. ಮೂವರೂ ಒಬ್ಬರ ಮೇಲೊಬ್ಬರು ಬೀದಿಗೆ ಬಿದ್ದರು.

ಹಿಂದಿನಿಂದ ದೊಡ್ಡ ಸದ್ದೇನೂ ಬರಲಿಲ್ಲ. ಭಾರ ಹೊತ್ತವರು ಇಳಿಸಿದಾಗ ಬಿಡುವಂಥ ಒಂದು ಉಸಿರು ಬಂತು. ಪಾವಟಿಗೆಯ ಪಕ್ಕದ ಕಂಬ ಮಂಡಿಯೂರಿತು, ಪಾವಟಿಗೆ ಅದರ ಮೇಲೆ ಕೂತಿತು, ಮಾಳಿಗೆಯ ಅರ್ಧ ಭಾಗ ಪಾವಟಿಗೆಯ ಮೇಲೆ ಬಂದು ಕೂತಿತು. ಧೂಳು ಬೇವಿನಮರವನ್ನು ಮುಚ್ಚಿತು.

ಮಗ್ಗಗಳು ಒಂದೊಂದಾಗಿ ನಿಂತವು. ಎಲ್ಲಕ್ಕಿಂತ ಕೊನೆಯದು ನಿಂತ ಮೇಲೆ ಬೀದಿಯಲ್ಲಿ ಕೆಮ್ಮುವವರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಯಾರೂ ನೀಲಾಳನ್ನು ಹೊಗಳಲಿಲ್ಲ, ಯಾರೂ ಬಯ್ಯಲೂ ಇಲ್ಲ. ಒಬ್ಬೊಬ್ಬರೇ ತಮ್ಮ ತಮ್ಮ ಓಣಿಯ ಕಡೆ ತಿರುಗಿದರು. ಕತ್ತಲಾಗುವ ಮುಂಚೆ ಹಾಸಿಗೆ, ಪಾತ್ರೆ, ತೊಟ್ಟಿಲು ಹೊರಗೆ ಬರಬೇಕಿತ್ತು. ಫೋನಿನಲ್ಲಿ ದಸ್ತಗೀರರು ಇನ್ನೂ ‘ಬೇಟಿ, ಬೇಟಿ’ ಎನ್ನುತ್ತಲೇ ಇದ್ದರು. ಎಲ್ಲರೂ ಹೊರಗಿದ್ದಾರೆ ಎಂದು ಅವಳು ಹೇಳಿದಾಗ, "ಅಲ್ಹಮ್ದುಲಿಲ್ಲಾ," ಎಂದರು. "ನಾ ಮನಿಗೆ ಹೋಗ್ತೀನಿ. ಶಬಾನಾಗ ನಾನ ಹೇಳಬೇಕು," ಎಂದರು.

ಮುರಿಗೆಪ್ಪ ರಸ್ತೆಯ ಅಂಚಿನಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿ ಕೂತಿದ್ದ. ನೀಲಾ ಅತ್ತೆಯ ಕೂದಲಿನ ಸುಣ್ಣ ಕೊಡವತೊಡಗಿದಳು. ಕೊಡವುತ್ತ ಕೊಡವುತ್ತ ಅವಳಿಗೆ ತಡೆಯಲಾಗದಷ್ಟು ಸಿಟ್ಟು ಬಂತು.

"ಒಳಗ ಯಾಕ ಹೋದ್ರಿ ಅತ್ತೀ? ಬೀಳ್ತೈತಿ ಅಂತ ಅಷ್ಟು ಬಡಕೊಂಡು ಹೇಳಿದ್ನಲ್ಲ! ನನ್ನ ಮಾತಿನ ಮ್ಯಾಲ ನಿಮಗ ಇಷ್ಟೂ ನಂಬಿಕಿ ಇಲ್ಲೇನು?"

ತಂಗೆವ್ವ ಕಾಣದ ಕಣ್ಣನ್ನು ಅವಳ ಕಡೆಗೆ ತಿರುಗಿಸಿದಳು.

"ಬೀಳ್ತೈತಿ ಅಂತ ನೀ ಹೇಳೀದಲ್ಲ, ಅದಕ್ಕ ಹೋದೆ," ಎಂದಳು. "ಬೀಳೂದಿಲ್ಲ ಅಂದಿದ್ರ, ಅವ ಅಲ್ಲೇ ಕುಂತಿರ್ಲಿ ಅಂತ ಬಿಟ್ಟು ಬರ್ತಿದ್ದೆ."